ಹುಳುಮನೆಯಲ್ಲಿ ಮೂಷಿಕ ಬಾಂಧವ್ಯ

“ಕೈ ಕಟ್ಕೊಂಡು ಹಿಂದೆ ನಿಂತ್ಕೊಳ್ರಿ! ಯಾರೂ ಕೆಮ್ಮಂಗಿಲ್ಲ, ಸೀನಂಗಿಲ್ಲ!” ಎಂದು ಗವಿರಂಗಪ್ಪ ಪಿಸುದನಿಯಲ್ಲೇ ಗರ್ಜಿಸಿದ.

ಹಿಂದೆ ನಿಂತಿದ್ದವರು ಇಬ್ಬರೇ. ಒಬ್ಬಳು ಅವನ ತಂಗಿ ಪುಟ್ಟಹೊನ್ನಮ್ಮ, ಇನ್ನೊಬ್ಬ ಅವಳ ಗಂಡ ಮುನಿನಂಜಪ್ಪ. ಮುಂದೆ, ರೇಷ್ಮೆ ಹುಳುಮನೆಯ ನಟ್ಟನಡುವೆ, ಸ್ಟೂಲಿನ ಮೇಲೆ ಯಂತ್ರ ಕೂತಿತ್ತು. ಕೆಳಗೆ ಹಳೇ ಇಡ್ಲಿ ಪಾತ್ರೆ, ನಡುವೆ ತಾಮ್ರದ ತಂತಿಯ ಸುರುಳಿ, ನೆತ್ತಿಯ ಮೇಲೆ ಬಟ್ಟೆ ಕಿತ್ತ ಕೊಡೆಯ ಕಡ್ಡಿಗಳು. ಗವಿರಂಗಪ್ಪನದು ಊರಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ. ಮೋಟರು ಅವನ ಹೊಟ್ಟೆಪಾಡು, ಯಂತ್ರ ಕಂಡುಹಿಡಿಯುವುದು ಅವನ ತಲೆಪಾಡು. ಹೋದ ವರ್ಷ ಅವನು ಮಾಡಿದ್ದ ಮುದ್ದೆ ತಿರುವುವ ಯಂತ್ರದ ಮೊದಲ ಮುದ್ದೆ ಇನ್ನೂ ಅವನ ಅಡುಗೆಮನೆಯ ತೊಲೆಗೇ ಅಂಟಿಕೊಂಡಿದೆ.

ಪುಟ್ಟಹೊನ್ನಮ್ಮನಿಗೆ ಈ ಯಂತ್ರದ ಮೇಲೆ ನಂಬಿಕೆ ಇರಲಿಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ. ಮನೆಯ ಹಿಂದಿನ ಈ ಹೆಂಚಿನ ಕೊಟ್ಟಿಗೆಯಲ್ಲಿ ಹದಿನೆಂಟು ವರ್ಷದಿಂದ ಅವಳು ಬಿತ್ತನೆಗೂಡಿಗಾಗಿ, ಅಂದರೆ ಮುಂದಿನ ಮೊಟ್ಟೆ ತೆಗೆಯುವ ಗೂಡಿಗಾಗಿ, ರೇಷ್ಮೆ ಹುಳು ಸಾಕುತ್ತಿದ್ದಳು. ಹೆತ್ತ ಮಕ್ಕಳಿಗೂ ಅಷ್ಟು ಹೊತ್ತುಹೊತ್ತಿಗೆ ಉಣ್ಣಿಸಿರಲಿಲ್ಲ. ಆದರೆ ಈ ವರ್ಷ ಇಲಿಗಳು ನೆಂಟರಂತೆ ಬಂದು ಒಡೆಯರಂತೆ ಉಳಿದವು. ಎರಡು ಬೆಳೆಯ ಕೊಬ್ಬಿದ ಹುಳುಗಳನ್ನು ತಟ್ಟೆಗೆ ತಟ್ಟೆಯೇ ತಿಂದು ತೇಗಿದವು. ಪಾಷಾಣ ಇಟ್ಟರೆ ಇಲಿಗಿಂತ ಮೊದಲು ಹುಳು ಸಾಯುತ್ತದೆ. ಬೆಕ್ಕನ್ನು ಬಿಟ್ಟರೆ ಅದು ಬೇಟೆಯಾಡುವುದೇ ತಟ್ಟೆಗಳ ಮೇಲೆ. ಇನ್ನು ಬೋನಿನ ಕೊಬ್ಬರಿ! ಪಕ್ಕದಲ್ಲೇ ಔತಣ ಹಾಸಿರುವಾಗ ಒಣಕೊಬ್ಬರಿ ಯಾರಿಗೆ ಬೇಕು?

ಮೊಟ್ಟೆ ಕೊಡುವ ಕೇಂದ್ರದ ಸಾಹೇಬರು ವರದರಾಜು ಮೃದುವಾಗಿಯೇ ಹೇಳಿ ಹೋಗಿದ್ದರು: “ಎರಡು ಬೆಳೆ ಕೈಕೊಡ್ತು ಹೊನ್ನಮ್ಮನವರೇ. ಮೂರನೇದೂ ಹೋದರೆ ನಿಮ್ಮ ಪಾಲಿನ ಮೊಟ್ಟೆ ಬೇರೆಯವರಿಗೆ ಕೊಡಬೇಕಾಗತ್ತೆ. ನನ್ನ ಕೈಯಲ್ಲಿ ಏನೂ ಇಲ್ಲ.”

“ಇಲಿ ಹುಳಾನ ಯಾಕವ್ವ ತಿಂತದೆ?” ಎಂದು ಗವಿರಂಗಪ್ಪ ಈಗ ಯಂತ್ರದ ಮುಂದೆ ನಿಂತು ಮೇಷ್ಟರಂತೆ ಕೇಳಿದ.

“ಹಸಿವಾಗಿ.”

“ತಪ್ಪು! ಹುಳ ಬೇರೆ, ತಾನು ಬೇರೆ ಅನ್ನೋ ಭೇದಭಾವದಿಂದ! ಹುಳದ ತಲೇಲಿ ಓಡೋ ಅಲೆನ ಈ ಕೊಡೆ ಹಿಡೀತದೆ. ಸುರುಳಿ ಅದನ್ನ ದೊಡ್ಡದು ಮಾಡ್ತದೆ. ಇಡ್ಲಿ ಪಾತ್ರೆ ಸೀದಾ ಇಲಿ ತಲೆಗೆ ತುಂಬ್ತದೆ. ಇಲಿಗೆ ತಾನೂ ಒಂದು ಹುಳ ಅನ್ನಿಸ್ತದೆ. ಒಡಹುಟ್ಟಿದೋರ್ನ ಯಾರಾದ್ರೂ ತಿಂತಾರಾ?”

“ಆಸ್ತಿ ಭಾಗ ಆಗೋವಾಗ ಬಂದು ನೋಡು ಭಾವ,” ಎಂದ ಮುನಿನಂಜಪ್ಪ.

ಗವಿರಂಗಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದು ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ರೇಷ್ಮೆ ಹುಳು ಚರ್ಮ ಬಿಡುವ ಮುನ್ನ ಮೇವು ನಿಲ್ಲಿಸಿ, ತಲೆ ಎತ್ತಿ, ಕಲ್ಲಿನಂತೆ ಕೂರುವುದಕ್ಕೆ ಜ್ವರ ಎಂದೇ ಹೆಸರು. ಜ್ವರದ ಹೊತ್ತಿನಲ್ಲಿ ಹುಳುಮನೆಯಲ್ಲಿ ಯಾರೂ ಸದ್ದು ಮಾಡುವುದಿಲ್ಲ. ಸದ್ದಿಲ್ಲದಿದ್ದರೆ ಅಲೆ ಚೆನ್ನಾಗಿ ಸಿಗುತ್ತದೆಂದು ಲೆಕ್ಕ ಹಾಕಿ ಅವನು ಆ ದಿನವನ್ನೇ ಆರಿಸಿಕೊಂಡಿದ್ದ.

ಸ್ವಿಚ್ಚು ಒತ್ತಿದ. ಕೊಡೆ ಗುಂಯ್ ಎಂದು ತಿರುಗಿತು. ಮಾಡಿನ ಸಂದಿಯಿಂದ ಒಂದು ಗಡವ ಇಲಿ ಇಳಿದು ಬಂತು. ಪುಟ್ಟಹೊನ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಲಿ ತಟ್ಟೆ ಹತ್ತಿತು, ಹುಳುವಿನ ಹತ್ತಿರ ಹೋಯಿತು, ಮೂಸಿತು. ಆಮೇಲೆ ಅದರ ಪಕ್ಕದಲ್ಲೇ ಕೂತು, ಮೂತಿ ಮೇಲೆತ್ತಿ, ಹಾಗೇ ನಿಂತುಹೋಯಿತು!

ಹಿಂದೆಯೇ ಇನ್ನೊಂದು, ಮತ್ತೊಂದು. ಅರ್ಧ ಗಂಟೆಯಲ್ಲಿ ನಲವತ್ಮೂರು ಇಲಿಗಳು ಹುಳುಗಳ ನಡುನಡುವೆ ಮೂತಿ ಎತ್ತಿ ಜ್ವರಕ್ಕೆ ಕೂತಿದ್ದವು. ಒಂದೂ ಮೀಸೆ ಅಲ್ಲಾಡಿಸಲಿಲ್ಲ.

“ಅಣ್ಣಯ್ಯ!” ಎಂದಳು ಪುಟ್ಟಹೊನ್ನಮ್ಮ. ಅವಳ ಕಣ್ಣು ಒದ್ದೆಯಾಗಿತ್ತು. “ಮುದ್ದೆ ವಿಷಯ ಎಲ್ಲಾ ಮರ್ತೆ ಕಣಣ್ಣಯ್ಯ!”

ಮಾರನೇ ದಿನ ಮಧ್ಯಾಹ್ನ ಹುಳುಗಳು ಜ್ವರದಿಂದ ಎದ್ದವು. ಪುಟ್ಟಹೊನ್ನಮ್ಮ ಹಿಪ್ಪುನೇರಳೆ ಸೊಪ್ಪು ಹೊತ್ತು ಒಳಗೆ ಬಂದು ನೋಡಿದರೆ ಇಲಿಗಳೂ ಎದ್ದಿದ್ದವು. ಸೊಪ್ಪು ಬಿದ್ದದ್ದೇ ತಡ, ನಲವತ್ಮೂರೂ ಸಾಲಾಗಿ ಕೂತು ಅಂಚಿನಿಂದ ಕರಕರ ಮೇಯತೊಡಗಿದವು.

“ಅಣ್ಣಯ್ಯ! ನಿನ್ನ ಇಲಿಗಳು ಸೊಪ್ಪು ತಿಂತಾವೆ!”

“ತಿನ್ನಲೇಬೇಕು! ಇದೇನು ರೆಕಾರ್ಡಿಂಗ್ ಅಂದ್ಕೊಂಡ್ಯಾ? ನೇರ ಪ್ರಸಾರ! ಹುಳ ಏನ್ ಮಾಡ್ತದೋ ಇಲೀನೂ ಅದನ್ನೇ ಮಾಡ್ತದೆ!”

ನಾಲ್ಕನೇ ಜ್ವರ ಕಳೆದ ಹುಳುವಿನ ಹಸಿವೆಂದರೆ ಮದುವೆ ಮನೆಯ ಕೊನೇ ಪಂಕ್ತಿಯ ಹಸಿವು. ಆ ಹಸಿವನ್ನು ಇಲಿಯ ಹೊಟ್ಟೆಗೆ ಹಾಕಿದರೆ ಏನಾಗಬೇಕು! ಒಂದೊಂದು ಇಲಿಯೂ ನೂರು ಹುಳುವಿನ ಮೇವನ್ನು ಒಂದೇ ಪಟ್ಟಿಗೆ ಮುಗಿಸಿತು. ಮುನಿನಂಜಪ್ಪ ದಿನಕ್ಕೆ ಮೂರು ಹೊರೆ ಕೊಯ್ಯುತ್ತಿದ್ದವನು ಏಳು ಹೊರೆ ಕೊಯ್ದ. ಕುಡುಗೋಲು ಸವೆಯಿತು, ಸೊಂಟ ಸವೆಯಿತು, ತೋಟವೂ ಬೋಳಾಗುತ್ತ ಬಂತು.

“ಸಾಕು, ಆಫ್ ಮಾಡು ನಿನ್ನ ಕೊಡೇನ!” ಎಂದಳು ಪುಟ್ಟಹೊನ್ನಮ್ಮ.

ಗವಿರಂಗಪ್ಪ ಸ್ವಿಚ್ಚಿಗೆ ಕೈ ಹಾಕಿದ. ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ.

“ಹೊನ್ನಿ... ಆಫ್ ಮಾಡಿದ್ರೆ ಅವಕ್ಕೆ ತಾವು ಇಲಿ ಅಂತ ಜ್ಞಾಪಕ ಬಂದುಬಿಡ್ತದೆ ಕಣೆ.”

ಮೂವರೂ ತಟ್ಟೆಗಳ ಕಡೆ ನೋಡಿದರು. ಬೆರಳುಗಾತ್ರದ ಹುಳುಗಳ ನಡುವೆ, ತೋಳಿಗೆ ತೋಳು ತಾಗಿಸಿಕೊಂಡು, ನಲವತ್ಮೂರು ಇಲಿಗಳು ಕೂತಿದ್ದವು.

“ಹಿಡಿದು ಆಚೆ ಹಾಕಾನ,” ಎಂದ ಮುನಿನಂಜಪ್ಪ. ಹಾಕಿಯೂ ನೋಡಿದರು. ಕೆರೆಯಾಚೆ ಬಿಟ್ಟುಬಂದ ನಾಲ್ಕು ಇಲಿಗಳು ಅಲ್ಲಿ ತಮ್ಮ ಬುದ್ಧಿ ತಂದುಕೊಂಡು, ಹಸಿದು, ಇವರಿಗಿಂತ ಮೊದಲೇ ಮನೆಗೆ ಓಡಿಬಂದಿದ್ದವು!

ಮೂರನೇ ದಿನ ಹಗಲು ಕರೆಂಟು ಹೋಯಿತು.

ಕೊಡೆ ನಿಧಾನವಾಯಿತು. ದಪ್ಪ ಇಲಿಯೊಂದು ಸೊಪ್ಪು ಅಗಿಯುವುದನ್ನು ನಿಲ್ಲಿಸಿ, ಪಕ್ಕದ ಹುಳುವನ್ನು ಏನೋ ಹಳೇ ಪರಿಚಯದವರಂತೆ ನೋಡತೊಡಗಿತು.

“ಸೈಕಲ್ಲು! ಸೈಕಲ್ಲು ತಾ ಭಾವ!” ಎಂದು ಗವಿರಂಗಪ್ಪ ಕೂಗಿದ. ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಡೈನಮೋಗೆ ತಂತಿ ಬಿಗಿದು, ತಾನೇ ಹತ್ತಿ ಕೂತು ತುಳಿದ. ಕೊಡೆ ಮತ್ತೆ ಗುಂಯ್ ಎಂದಿತು. ಇಲಿ ಮತ್ತೆ ಸೊಪ್ಪಿಗೆ ಬಾಯಿ ಹಾಕಿತು. ಆದರೆ ಅವಸರದಲ್ಲಿ ತಂತಿಯ ಒಂದು ತುದಿ ಹ್ಯಾಂಡಲ್ಲಿಗೆ ತಗುಲಿದ್ದನ್ನು ಯಾರೂ ನೋಡಲಿಲ್ಲ.

ಗಂಟೆ ಕಳೆದ ಮೇಲೆ ಪುಟ್ಟಹೊನ್ನಮ್ಮ ಮಜ್ಜಿಗೆ ತಂದಳು.

“ಅಣ್ಣಯ್ಯ, ಬಾಯಲ್ಲೇನು?”

“ಏನಿಲ್ಲ.”

“ನಾಲಿಗೆ ಚಾಚು.”

ನಾಲಿಗೆ ಹಸಿರಾಗಿತ್ತು.

“ಉಪ್ಪು ಬೇಡ, ಖಾರ ಬೇಡ ಕಣವ್ವ. ಎಳೇ ಕುಡಿ ಹಂಗೇ ಸಿಹಿಯಾಗೈತೆ,” ಎಂದ ಗವಿರಂಗಪ್ಪ, ತುಳಿಯುತ್ತಲೇ. “ಆ ಬಲಗಡೆ ತಟ್ಟೆಯಿಂದ ಇನ್ನೆರಡು ಎಲೆ ಕೊಡು.”

ಆಮೇಲೆ ಮುನಿನಂಜಪ್ಪನ ಸರದಿ ಬಂತು. ಸಂಜೆ ಅವನು ಮುದ್ದೆ ಸಾರನ್ನು ತಳ್ಳಿ, ಸೊಪ್ಪಿನ ಹೊರೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. “ನೀವೂನಾ!” ಎಂದು ಪುಟ್ಟಹೊನ್ನಮ್ಮ ಹಣೆ ಚಚ್ಚಿಕೊಂಡಳು. ಬಾಗಿಲ ಬಳಿ, ಸೈಕಲ್ಲಿಗೆ ಮೈ ಉಜ್ಜಿ ಬಂದಿದ್ದ ಅವಳ ಬೆಕ್ಕೂ ಎಲೆಯ ತೊಟ್ಟೊಂದನ್ನು ಚೀಪುತ್ತ ಕೂತಿತ್ತು. ಅದರ ಬೆನ್ನಿಗೆ ಒರಗಿಕೊಂಡು ಒಂದು ಇಲಿ ಮೇಯುತ್ತಿತ್ತು.

ಹೀಗೆ, ಕರೆಂಟು ಇದ್ದಾಗ ಕರೆಂಟು, ಇಲ್ಲದಾಗ ಸೈಕಲ್ಲು ಎಂದು ವಾರ ಕಳೆಯಿತು. ಒಂದು ಬೆಳಗ್ಗೆ ಹುಳುಗಳ ಮೈ ಜೇನಿನಂತೆ ತಿಳಿಯಾಗಿ ಹೊಳೆಯಿತು. ಹುಳು ಹಣ್ಣಾಗಿತ್ತು! ಇನ್ನು ಮೇವು ಬೇಡ, ನೂಲು ಬಿಟ್ಟು ಗೂಡು ಕಟ್ಟುವುದೊಂದೇ ಕೆಲಸ. ಪುಟ್ಟಹೊನ್ನಮ್ಮ ಲಗುಬಗೆಯಿಂದ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, ಅವುಗಳ ಸುರುಳಿ ಸುರುಳಿ ಸಂದುಗಳಲ್ಲಿ ಹಣ್ಣುಹುಳುಗಳನ್ನು ಆಯ್ದಾಯ್ದು ಬಿಟ್ಟಳು. ಒಂದು ಹುಳುವಿಗೂ ಗಾಯವಿರಲಿಲ್ಲ. ಹದಿನೆಂಟು ವರ್ಷದಲ್ಲಿ ಇಂಥ ಬೆಳೆ ಅವಳು ಕಂಡಿರಲಿಲ್ಲ.

ಇಲಿಗಳೂ ಹಣ್ಣಾದವು.

ಮೇವು ಬಿಟ್ಟವು. ತಲೆಯನ್ನು ಎಂಟರ ಆಕಾರದಲ್ಲಿ ಆಡಿಸಿದವು. ಒಂದೊಂದಾಗಿ ಚಂದ್ರಿಕೆ ಹತ್ತಿ ಒಂದೊಂದು ಸಂದು ಹಿಡಿದು ಕೂತವು. ಎಷ್ಟು ಆಡಿಸಿದರೂ ಬಾಯಿಂದ ನೂಲು ಬರಲಿಲ್ಲ. ಅಪ್ಪಟ ಕೆಲಸಗಾರರು ಸುಮ್ಮನಿರುತ್ತಾರೆಯೇ? ಇಳಿದು ಹೋಗಿ ನೂಲು ಹುಡುಕಿ ತಂದವು! ಮುನಿನಂಜಪ್ಪನ ಟವೆಲ್ಲು ಎಳೆಎಳೆಯಾಗಿ ಹೋಯಿತು. ಗೋಣಿಚೀಲ ಹೋಯಿತು. ಹಾಸಿಗೆಯ ಹತ್ತಿ ಹೋಯಿತು. ಪುಟ್ಟಹೊನ್ನಮ್ಮನ ಹಳದಿ ಸೀರೆಯ ಸೆರಗಿನ ಒಂದು ಎಳೆ ಅವಳು ನಡೆದಾಡುತ್ತಿರುವಾಗಲೇ ಚಂದ್ರಿಕೆಯ ಮೇಲೆ ಸುತ್ತಿಕೊಳ್ಳುತ್ತಿತ್ತು!

“ಅಣ್ಣಯ್ಯ! ಏನಾದ್ರೂ ಮಾಡು!”

ಅಣ್ಣಯ್ಯ ಮಾಡುತ್ತಲೇ ಇದ್ದ. ಮೂಲೆಯಲ್ಲಿ ಕಂಬಳಿಯನ್ನು ಕತ್ತಿನವರೆಗೂ ಬಿಗಿಯಾಗಿ ಸುತ್ತಿಕೊಂಡು, ಮಂಡಿ ಮಡಚಿ, ತಲೆ ಆಡಿಸುತ್ತ ಕೂತಿದ್ದ. “ಇನ್ನೊಂದು ಸುತ್ತು ಐತೆ ಕಣವ್ವ,” ಎಂದ ನೆಮ್ಮದಿಯಿಂದ.

ಅಷ್ಟರಲ್ಲಿ ಟಣ್ ಎಂದು ಏನೋ ಬಿತ್ತು. ಯಂತ್ರದ ಕೊಡೆ! ನೂಲು ಸಿಗದ ಕೊನೆಯ ಇಲಿಯೊಂದು ಯಂತ್ರದ ತಾಮ್ರದ ಸುರುಳಿಯನ್ನೇ ಬಿಚ್ಚಿ ಬಿಚ್ಚಿ ಮೈಗೆ ಸುತ್ತಿಕೊಳ್ಳುತ್ತ, ಕೊನೆಯ ಸುತ್ತನ್ನೂ ಎಳೆದೊಯ್ದಿತ್ತು. ಗುಂಯ್ ಸದ್ದು ನಿಂತಿತು. ಗವಿರಂಗಪ್ಪ ಕಣ್ಣು ಪಿಳುಕಿಸಿ ಕಂಬಳಿಯಿಂದ ತಲೆ ತೂರಿಸಿದ.

“ನಿಂತೋಯ್ತು! ಈಗ ತಿಂತಾವೆ! ಓಡ್ರಿ!”

ಯಾರೂ ಓಡಲಿಲ್ಲ. ಒಂದೇ ಒಂದು ಇಲಿಯೂ ಅಲ್ಲಾಡಲಿಲ್ಲ. ಅಲ್ಲಾಡುವುದಾದರೂ ಹೇಗೆ? ಟವೆಲ್ಲು, ಗೋಣಿ, ಹತ್ತಿಗಳ ಒಳಗೆ ಅವು ಕೈಕಾಲು ಅಲುಗದಂತೆ ತಮ್ಮನ್ನು ತಾವೇ ಕಟ್ಟಿಕೊಂಡಿದ್ದವು. ಒಂದೆರಡು ಗೂಡುಗಳಿಂದ ಸಣ್ಣ ಗೊರಕೆ ಕೇಳಿಸುತ್ತಿತ್ತು.

ಪುಟ್ಟಹೊನ್ನಮ್ಮ ಸೆರಗು ಸಿಕ್ಕಿಸಿದಳು. ಮಾಗಿದ ಬದನೆಕಾಯಿ ಬಿಡಿಸುವಂತೆ ಇಲಿಗೂಡುಗಳನ್ನು ಒಂದೊಂದಾಗಿ ಬಿಡಿಸಿ ಬುಟ್ಟಿಗೆ ಹಾಕಿದಳು. ಮುನಿನಂಜಪ್ಪ ಬುಟ್ಟಿಯನ್ನು ಮಾಗಡಿ ಕಡೆ ಹೋಗುವ ಸೌದೆ ಲಾರಿಗೆ ಹತ್ತಿಸಿ, ಕಾಡಂಚಿನ ಗುಡ್ಡದಲ್ಲಿ ಇಳಿಸಿ ಬಂದ. ಎಣಿಸಿದರೆ ನಲವತ್ತೆರಡೇ ಇದ್ದವು. ತಾಮ್ರ ಕದ್ದ ಇಲಿ ಸಿಗಲಿಲ್ಲ.

ಐದು ದಿನ ಕಳೆದು ವರದರಾಜು ಸಾಹೇಬರು ಬಂದರು. ಚಂದ್ರಿಕೆಯ ತುಂಬ ಹೊಂಬಣ್ಣದ ಗೂಡುಗಳು ಕಿಕ್ಕಿರಿದಿದ್ದವು. ಪುಟ್ಟಹೊನ್ನಮ್ಮ ಉಸಿರು ಬಿಗಿಹಿಡಿದು ನಿಂತಳು. ಸಾಹೇಬರು ಗೂಡು ಆರಿಸಿ ಕಿವಿಯ ಬಳಿ ಅಲ್ಲಾಡಿಸಿದರು. ಒಳಗಿನ ಜೀವ ಗಟ್ಟಿಯಾಗಿದ್ದರೆ ಲೊಡಲೊಡ ಎನ್ನುತ್ತದೆ. ಹತ್ತು ಗೂಡು ನೋಡಿದರು, ಹತ್ತೂ ಸರಿಯಾಗಿದ್ದವು.

“ಭೇಷ್ ಹೊನ್ನಮ್ಮನವರೇ! ಮುಂದಿನ ಬೆಳೆಗೂ ಮೊಟ್ಟೆ ನಿಮಗೇ!” ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಪುಟ್ಟಹೊನ್ನಮ್ಮ ಹದಿನೈದು ದಿನದಲ್ಲಿ ಮೊದಲ ಸಲ ಗೋಡೆಗೆ ಒರಗಿದಳು.

ಆಗ ಸಾಹೇಬರ ಕಣ್ಣು ಚಂದ್ರಿಕೆಯ ಮೇಲ್ಮೂಲೆಗೆ ಬಿತ್ತು. ಅಲ್ಲಿ ಕಿತ್ತಳೆ ಗಾತ್ರದ ಗೂಡೊಂದು ಕೂತಿತ್ತು. ಸುತ್ತಲ ಹತ್ತಾರು ಹುಳುಗಳು ಅದರ ಮೇಲೂ ನೂಲು ಬಿಟ್ಟು ಚಿನ್ನದ ಹೊದಿಕೆ ಹಾಕಿದ್ದವು. ಗವಿರಂಗಪ್ಪ ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಅದನ್ನು ಕಿತ್ತು ಕಿವಿಯ ಬಳಿ ಅಲ್ಲಾಡಿಸಿದರು.

ಒಳಗಿಂದ “ಕಿಚ್!” ಎಂದಿತು. ತಳದಲ್ಲಿ ಒಂದು ಬಾಲ ಮೆಲ್ಲಗೆ ಹೊರಗೆ ಜಾರಿತು.

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. ಬಾಲವನ್ನು ನೋಡಿದರು, ಬೋಳಾದ ತೋಟವನ್ನು ನೋಡಿದರು, ಗವಿರಂಗಪ್ಪನ ಇನ್ನೂ ಹಸಿರಾಗಿದ್ದ ಹಲ್ಲುಗಳನ್ನು ನೋಡಿದರು. ಮತ್ತೆ ಪುಸ್ತಕ ತೆರೆದು ಪೆನ್ನು ಹಿಡಿದರು.

“ಅದ್ಭುತ! ಈ ತಳಿಯ ಮೊಟ್ಟೆ ನಿಮಗೆ ಯಾವ ಕೇಂದ್ರದಲ್ಲಿ ಕೊಟ್ಟರಮ್ಮ?”

“ಇದು ಮೊಟ್ಟೆ ಇಡೋ ಜಾತಿ ಅಲ್ಲ ಸಾಮಿ,” ಎಂದಳು ಪುಟ್ಟಹೊನ್ನಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. “ಮರಿ ಹಾಕ್ತದೆ.”