ಟಿವಿಯೊಳಗಿನವ ಶಾಣ್ಯಾ, ನಮ್ಮ ಅತ್ತಿ?

ನಮ್ಮ ಅತ್ತೆ ಸುಳ್ಳು ಹೇಳಲಾರಳು. ಇದನ್ನು ಸದ್ಗುಣ ಅಂದುಕೊಂಡಿರಾ? ಹಾಗಾದರೆ ನೀವು ಅಂಥವರ ಜೊತೆ ಒಂದೇ ಮನೆಯಲ್ಲಿ ಇದ್ದವರಲ್ಲ ಬಿಡಿ! ಅತ್ತೆ ಅಂದರೆ ಗಂಡನ ತಾಯಿಯಲ್ಲ. ನನಗಿನ್ನೂ ಮದುವೆಯೇ ಆಗಿಲ್ಲ. ಆಗದಿರುವುದಕ್ಕೆ ಇವಳೇ ಕಾರಣವೆಂದು ಮನೆಯವರ ಅಂಬೋಣ. ಇವಳು ಅಪ್ಪನ ಅಕ್ಕ, ಮದುವೆಯಾಗದೆ ಮೊರಬ ಊರಿನ ನಮ್ಮ ಮನೆಯಲ್ಲೇ ಉಳಿದವಳು, ನನ್ನನ್ನು ಎತ್ತಿ ಆಡಿಸಿದವಳು.

ಬಾಜೂ ಮನೆಯಾಕೆ ಹೊಸ ಸೀರೆ ಉಟ್ಟು ಬಂದು, "ಹೆಂಗೈತ್ರಿ ಅಕ್ಕಾರ?" ಎಂದಳು.

"ಅಂಗಡ್ಯಾಗ ಗೊಂಬಿ ಮ್ಯಾಲೆ ಚಂದ ಇತ್ತು," ಎಂದಳು ಅತ್ತೆ.

ಹಾಗೆ ಹೇಳುವಾಗ ಮುಖ ನೋಡುವುದಿಲ್ಲ, ಕಿವಿ ನೋಡುತ್ತಾಳೆ. ಅವಳೊಂದಿಗೆ ಮಾತಾಡಿ ಹೋದ ಹೆಂಗಸರು ಕನ್ನಡಿಯಲ್ಲಿ ಕಿವಿಯೋಲೆ ಪರೀಕ್ಷಿಸಿಕೊಳ್ಳುತ್ತಾರೆ. ಅವಳ ತಾಟಿನಲ್ಲಿ ಪಲ್ಯ ರೊಟ್ಟಿಗೆ ತಾಗಕೂಡದು. ಮಿಕ್ಸರ್ ಗುರ್ರೆಂದರೆ ಕಿವಿ ಮುಚ್ಚಿಕೊಂಡು ಹಿತ್ತಲು ಸೇರುತ್ತಾಳೆ. ನವಲಗುಂದ, ಹುಬ್ಬಳ್ಳಿ, ಅಣ್ಣಿಗೇರಿ, ಯಾವ ಬಸ್ಸು ಎಷ್ಟು ಗಂಟೆಗೆ ಎಂಬುದು ಅವಳಿಗೆ ಬಾಯಿಪಾಠ. ಬಸ್ ನಿಲ್ದಾಣದ ಫಲಕದ ಅಕ್ಷರ ಅಳಿಸಿಹೋಗಿ ಕಾಲವಾಯಿತು, ಯಾರೂ ಮತ್ತೆ ಬರೆಸಿಲ್ಲ. ಯಾಕೆ ಬರೆಸಬೇಕು, ಅತ್ತೆ ಇದ್ದಾಳಲ್ಲ!

ಇಂಥವಳಿಗೆ ಊರು ಕೊಟ್ಟ ಹೆಸರು 'ಅರೆಹುಚ್ಚಿ'.

ಅದೇ ಊರು ದಿನಾ ಸಂಜೆ ಟಿವಿ ಮುಂದೆ ಕೂತು ಒಂದು ಧಾರಾವಾಹಿ ನೋಡುತ್ತದೆ. ಅದರ ನಾಯಕ ಪತ್ತೇದಾರ. ಅವನೂ ಯಾರ ಮುಖ ನೋಡಿಯೂ ಮಾತಾಡುವುದಿಲ್ಲ. ಅನ್ನಕ್ಕೆ ಸಾರು ತಾಗಿದರೆ ತಟ್ಟೆ ಸರಿಸುತ್ತಾನೆ. ಸಂತೆಯ ಗದ್ದಲದಲ್ಲಿ ಕಿವಿ ಮುಚ್ಚಿಕೊಳ್ಳುತ್ತಾನೆ. ಒಮ್ಮೆ ಕಂಡ ಗಾಡಿ ನಂಬರ್ ಮರೆಯುವುದಿಲ್ಲ. ಮಂತ್ರಿಯ ಎದುರೇ, "ನೀವು ಸುಳ್ಳು ಹೇಳ್ತಿದ್ದೀರಿ," ಅನ್ನುತ್ತಾನೆ. ನಮ್ಮ ಅವ್ವನಿಗಂತೂ ಅವನೆಂದರೆ ಜೀವ. "ಎಷ್ಟ ಶಾಣ್ಯಾ ಅದಾನ ನೋಡ, ನನ್ನ ಬಂಗಾರ," ಎಂದು ದೃಷ್ಟಿ ತೆಗೆಯುವುದೊಂದು ಬಾಕಿ.

ನಾನು ಶಾಲಾ ಶಿಕ್ಷಕಿ. ಒಮ್ಮೆ ತರಬೇತಿಯಲ್ಲಿ ಆಟಿಸಂ ಇರುವ ಮಕ್ಕಳ ಬಗ್ಗೆ ಹೇಳಿದರು. ಕೆಲವರ ಮಿದುಳು ಹುಟ್ಟಿನಿಂದಲೇ ಬೇರೆ ರೀತಿ ನಡೆಯುತ್ತದೆ, ಅದು ಹುಚ್ಚಲ್ಲ ಎನ್ನುತ್ತ ಒಂದೊಂದೇ ಲಕ್ಷಣ ಹೇಳುತ್ತಿದ್ದರೆ, ನಾನು ನೋಟ್‌ಬುಕ್ಕಿನ ಅಂಚಿನಲ್ಲಿ 'ನಮ್ಮ ಪತ್ತೇದಾರ!' ಎಂದು ಬರೆದು ನಕ್ಕೆ. ಅದರ ಮುಂದೆ 'ಅತ್ತಿ' ಎಂದು ಬರೆಯುವಾಗ ನಗು ಬರಲಿಲ್ಲ. ನಾನು ಡಾಕ್ಟರಲ್ಲ, ಅವಳ ಹಣೆಗೆ ಚೀಟಿ ಅಂಟಿಸುವ ಹಕ್ಕು ನನಗಿಲ್ಲ. ಆದರೆ ಅವನು ಮಾಡಿದರೆ ಜಾಣತನ, ಇವಳು ಮಾಡಿದರೆ ಹುಚ್ಚು ಅನ್ನುವವರ ಜೊತೆ ಜಗಳ ಕಾಯುವ ಹಕ್ಕಂತೂ ಇದೆ. ಕಾದೆ.

ನನ್ನನ್ನು ನೋಡಲು ಗಂಡಿನವರು ಬರುವುದೆಂದು ನಿಶ್ಚಯವಾಯಿತು. ನನ್ನ ಇಬ್ಬರು ಅಕ್ಕಂದಿರನ್ನು ನೋಡಲು ಬಂದಾಗಲೂ ಅತ್ತೆಯನ್ನು ಬಾಜೂ ಮನೆಗೆ ಕಳಿಸಿದ್ದರು. ಅವಳೂ ತಕರಾರಿಲ್ಲದೆ ಹೋಗಿ ಕರೆಯುವ ತನಕ ಅಲ್ಲೇ ಕೂತಿದ್ದಳು.

"ಈ ಸಲ ಅತ್ತಿ ಪಡಸಾಲ್ಯಾಗ ಕೂಡಬೇಕು. ಇಲ್ಲಂದ್ರ ನಾನೂ ಹೊರಗ ಬರಂಗಿಲ್ಲ," ಎಂದೆ.

"ಒಂದ ತಾಸಿನ ಮಾತು. ಬಂದವರು ಏನ್ ತಿಳ್ಕೋಬೇಕ?" ಎಂದಳು ಅವ್ವ.

"ಆ ಪತ್ತೇದಾರ ನಮ್ಮ ಮನಿಗೆ ಬಂದ್ರ ಬಾಜೂ ಮನಿಗೆ ಕಳಸ್ತೀಯೇನು?"

"ಅಂವ ಬ್ಯಾರೆ. ಅಂವ ಶಾಣ್ಯಾ."

"ಮತ್ತ ಅತ್ತಿ?"

ಅವ್ವ ರವೆ ಹುರಿಯಲು ಹೋದಳು. ಆದರೆ ಅತ್ತೆಯನ್ನು ಕಳಿಸಲಿಲ್ಲ.

ಗಂಡಿನವರು ಬಂದರು. ಅಪ್ಪ, "ಉಪ್ಪಿಟ್ಟು ನಮ್ಮ ಹುಡುಗಿನ ಮಾಡ್ಯಾಳ್ರಿ," ಎಂದು ಬಡಿಸಿದ. ಎಲ್ಲ ಹೆಣ್ಣಿನವರೂ ಹೇಳುವ ಮಾತು, ಎಲ್ಲ ಗಂಡಿನವರೂ ನಂಬಿದಂತೆ ಮಾಡುವ ಮಾತು.

ಅತ್ತೆ ಹುಡುಗನ ತಾಯಿಯ ಕಿವಿ ನೋಡುತ್ತ, "ಇಲ್ರಿ. ಉಪ್ಪಿಟ್ಟು ನಾನೂ ಇವರವ್ವನೂ ಮಾಡೀವಿ. ಆಕಿ ಕನ್ನಡಿ ಮುಂದ ಕುಂತಿದ್ಲು. ಆಕಿ ಮಾಡಿದ್ರ ಗಂಟ ಆಗತಾವ," ಎಂದಳು. ನನಗೆ ಕಿಸಕ್ಕನೆ ನಗು ಬಂತು. ಕನ್ಯೆ ನಗಬಾರದು, ಅದೂ ಹಲ್ಲು ಕಾಣುವಂತೆ!

ಎರಡು ದಿನ ಬಿಟ್ಟು ಫೋನ್ ಬಂತು. ಹುಡುಗ ಇನ್ನೂ ಮುಂದೆ ಓದಬೇಕಂತೆ. ನೆತ್ತಿಯ ಕೂದಲು ಉದುರಿದ್ದ ಹುಡುಗ!

"ಇಟ್ಕೋ, ನಿನ್ನ ಅತ್ತಿನ್ನ ಪಡಸಾಲ್ಯಾಗ," ಎಂದು ಅವ್ವ ಕಣ್ಣೊರೆಸಿಕೊಂಡಳು.

"ಇಟ್ಕೋತೀನಿ. ಮುಂದಿನ ಸಲಾನೂ ಕೂಡತಾಳ. ಆಕಿನ್ನ ನೋಡಿ ಎದ್ದ ಹೋಗೋರು ಹೋಗ್ಲಿ," ಎಂದೆ ನಾನು, ಬೀದಿಗೆ ಕೇಳುವಂತೆ.

ರೊಟ್ಟಿ ಬಡಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿದಳು. "ಮುಂದಿನ ಸಲಾನೂ ಕೂಡಬೇಕೇನು? ಕನ್ಯಾ ನೋಡಾಕ ಬಂದಾಗ ಅತ್ತಿ ಬಾಜೂ ಮನಿಗೆ ಹೋಗೂದು ಶಾಸ್ತ್ರ ಅಲ್ಲೇನು? ಎಲ್ಲಾರ ಮನ್ಯಾಗೂ ಹಂಗ ಅಂತ ತಿಳ್ಕೊಂಡಿದ್ದೆ."

ಅಪ್ಪ ತಲೆ ಎತ್ತಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವಳ ಪಕ್ಕ ಹೋಗಿ ಕೂತೆ.

"ಶಾಸ್ತ್ರ ಅಲ್ಲ ಅತ್ತಿ. ನಾವು ಮಾಡಿದ ತಪ್ಪು."

ಅತ್ತೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಪಡಸಾಲೆಯ ಕಡೆ ನೋಡಿ ಕೇಳಿದಳು: "ಹಂಗಾರ ನಂದು ಯಾವ ಕುರ್ಚಿ?"