ಮಾವನ ಮಖಮಲ್ಲು ಜೀಪು

ಕೆಸರು ತುಳಿಯಲೆಂದೇ ಹುಟ್ಟಿದ ಗಾಡಿಯನ್ನು ಕೆಸರಿಗಿಳಿಸದೆ ಮೆರೆಸುವ ವಿದ್ಯೆಯನ್ನು ತಾವೇ ಕಂಡುಹಿಡಿದವರಂತೆ ಈಗಿನ ಶ್ರೀಮಂತರು ಬೀಗುತ್ತಾರಲ್ಲ, ಅದು ಸುಳ್ಳು! ಹಿರೇಹಡಗಲಿಯ ನಮ್ಮ ಸೋದರಮಾವ ಎಪ್ಪತ್ತರ ದಶಕದಲ್ಲೇ ಅದನ್ನು ಮಾಡಿ ತೋರಿಸಿದ್ದ.

ಮಿಲಿಟರಿಯವರು ಹರಾಜು ಹಾಕಿದ ಜೀಪು ಅದು. ಮಾವ ಅದಕ್ಕೆ ಕೆಂಪು ಮಖಮಲ್ಲಿನ ಸೀಟು ಹೊಲಿಸಿದ, ಕುಚ್ಚಿನ ಪರದೆ ಕಟ್ಟಿಸಿದ. ಹೊಲಕ್ಕೆ ಮಾತ್ರ ನಡೆದೇ ಹೋಗುತ್ತಿದ್ದ. ಕೇಳಿದರೆ, "ಎರಿ ಮಣ್ಣಾಗ ಇಳಿಸಿದ್ರ ಗಾಲಿ ಹೊಲಸಾಗ್ತಾವಲೇ!" ಎಂದು ನನ್ನನ್ನೇ ಗದರುತ್ತಿದ್ದ. ಅತ್ತೆ ಒಮ್ಮೆ ಅದರಲ್ಲಿ ಜೋಳದ ಚೀಲ ಹೇರಿಸಲು ಹೋದಾಗ ಅಡ್ಡ ಮಲಗಿಬಿಟ್ಟ.

"ಹಂಗಾರ ದೇವರ ಜಗಲಿ ಮ್ಯಾಲ ಇಟ್ಟು ಪೂಜಿ ಮಾಡ್ರಿ!" ಎಂದಳು ಅತ್ತೆ.

ನಗಬೇಡಿ, ಆ ಜೀಪಿಗೂ ಒಂದು ಕೆಲಸವಿತ್ತು. ಮಾವನ ಒಬ್ಬಳೇ ಮಗಳು ಗಿರಿಜೆಗೆ ಪೋಲಿಯೋದಿಂದ ಒಂದು ಕಾಲು ಸಣ್ಣಗಾಗಿತ್ತು. ನೋಡಲು ಬಂದ ಮೂರು ಗಂಡಿನ ಕಡೆಯವರು ಅವಳ ನಡಿಗೆ ಕಂಡು, ಉಪ್ಪಿಟ್ಟು ತಿಂದು, ಸುಮ್ಮನೆ ಎದ್ದು ಹೋಗಿದ್ದರು. ಜೀಪಿನವರ ಮಗಳೆಂದರೆ ಯಾರು ಕಾಲು ನೋಡುತ್ತಾರೆ ಎಂಬುದು ಮಾವನ ಆಸೆ.

ಕೊಟ್ಟೂರಿನ ಆಚೆ ಒಬ್ಬ ವರನಿದ್ದಾನೆಂದು ಸುದ್ದಿ ಬಂತು. ಹುಡುಗನ ಗುಣ ಕೇಳುವ ಮೊದಲೇ ಮಾವ, "ಆ ಊರಿಗೆ ಟಾರು ರಸ್ತಾ ಐತೇನು?" ಎಂದು ಕೇಳಿದ. ಇತ್ತು. ಮನೆ ನೋಡಲು ಹೊರಟೆವು, ಹಿಂದಿನ ಸೀಟಿನಲ್ಲಿ ನಾನೂ ಇದ್ದೆ.

ಆದರೆ ಅದು ಆಪರೇಶನ್ ಕ್ಯಾಂಪುಗಳ ಕಾಲ. ಜೀಪು ಬಂತೆಂದರೆ, ಮಕ್ಕಳಾಗದಂತೆ ಮಾಡಲು ಗಂಡಸರನ್ನು ಹಿಡಿದೊಯ್ಯುತ್ತಾರೆಂಬ ಭಯ. ಮಾವ ವರನ ಮನೆ ಮುಂದೆ ಹಾರನ್ ಹೊಡೆದದ್ದೇ ತಡ, ಊರಿನ ಗಂಡಸರೆಲ್ಲ ಜೋಳದ ಹೊಲಕ್ಕೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಓಡಿದವನು ಯಾರೆಂದಿರಿ? ನಮ್ಮ ವರ! ಇನ್ನೂ ಮದುವೆಯೇ ಆಗದವನು ಓಡದೆ ಇರುತ್ತಾನೆಯೇ?

ಬೀದಿಯಲ್ಲಿ ಹೆಂಗಸರು ಮಾತ್ರ ಉಳಿದರು. ಮಾವ ಬಾನೆಟ್ಟಿನ ಮೇಲೆ ಹತ್ತಿ ಹೊಲದ ಕಡೆ ಕೂಗಿದ: "ಯಪ್ಪಾ, ನಾನು ಡಾಕ್ಟರಲ್ಲೋ! ಹೆಣ್ಣಿನ ಅಪ್ಪ ಅದೀನಿ! ನನ್ನ ಮಗಳಿಗೆ ಒಂದು ಕಾಲು ಸಣ್ಣದೈತಿ. ನೀವು ಅದನ್ನ ನೋಡಬಾರದಂತ ಈ ಜೀಪು ತಗೊಂಡೀನಿ. ಓಡಬ್ಯಾಡ್ರೋ!"

ಕೊನೆಯ ಮಾತಿಗೆ ಅವನ ದನಿ ಒಡೆಯಿತು. ಮುಚ್ಚಿಡಲು ಬಂದದ್ದನ್ನೇ ಊರಿಗೆಲ್ಲ ಸಾರಿದ್ದ. ಸಂಬಂಧ ಮುಗಿಯಿತೆಂದು ನಾನು ತಲೆ ತಗ್ಗಿಸಿದೆ.

ಅಷ್ಟರಲ್ಲಿ ಹುಡುಗನ ತಾಯಿ ಒಳಗಿನಿಂದ ಚೊಂಬಿನಲ್ಲಿ ನೀರು ತಂದಳು. "ಕೆಳಗ ಇಳೀರಿ ಬೀಗರ. ಕಾಲು ತೊಳಕೊಂಡು ಒಳಗ ಬರ್ರಿ. ಹುಡುಗ ಬರ್ತಾನ, ಎಲ್ಲಿ ಹೋಗ್ತಾನ?"

ಬೀಗರು! ಯಾರೂ ಅದುವರೆಗೆ ಅವನನ್ನು ಹಾಗೆ ಕರೆದಿರಲಿಲ್ಲ. ನಾಲ್ಕೂರಿಗೆ ಜೋರು ಮಾಡುತ್ತಿದ್ದ ನಮ್ಮ ಮಾವ ಚೊಂಬು ಹಿಡಿದುಕೊಂಡು ಬೀದಿಯಲ್ಲೇ ನಿಂತು ಅತ್ತ. ಗಂಡಸರು ಒಬ್ಬೊಬ್ಬರಾಗಿ ಹೊಲದಿಂದ ಹೊರಬಂದು ಅವನ ಸುತ್ತ ನಿಂತರು.