ಪಾಟೀಲರೆಂದರೆ ಯಾವ ಜನ?

ಕೆಲವರಿಗೆ ಎದುರಿಗೆ ಕೂತವರು ಆಕಳಿಸಿದರೆ ತಮಗೂ ಆಕಳಿಕೆ ಬರುತ್ತದೆ, ತಡೆದುಕೊಳ್ಳಲು ಆಗುವುದಿಲ್ಲ. ನನಗೆ ಮಾತಿನ ವಿಷಯದಲ್ಲಿ ಹಾಗೆ. ಎದುರಿನವರು ಯಾವ ಮಾತು ಆಡುತ್ತಾರೋ ನನ್ನ ನಾಲಿಗೆಯೂ ಆ ಕಡೆಗೇ ಹೊರಳಿಬಿಡುತ್ತದೆ. ಇದು ನನ್ನೊಬ್ಬನ ಕಾಯಿಲೆಯಲ್ಲ, ಖಾನಾಪುರದ ಅರ್ಧ ಊರಿಗೆ ಇದೆ. ಮರಾಠಿಯವರು, ಕನ್ನಡದವರು, ಉರ್ದು ಆಡುವ ಮುಸಲ್ಮಾನರು, ಗೋವೆಯ ಕಡೆಯ ಕೊಂಕಣಿ ಕ್ರೈಸ್ತರು, ಕಾಡಂಚಿನ ಗೌಳಿಗರು, ಸಿದ್ದಿಗಳು ಎಲ್ಲರೂ ಒಂದೇ ಬಾಜಾರದಲ್ಲಿ ಮೆಣಸಿನಕಾಯಿ ಮೂಸಿ ನೋಡಿ ಕೊಳ್ಳುವ ಊರು ಇದು. ಇಲ್ಲಿ ಒಂದೇ ಭಾಷೆ ಇಟ್ಟುಕೊಂಡು ಮನೆಯಿಂದ ಹೊರಬೀಳುವುದೆಂದರೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡ ಹಾಗೆ. ನನ್ನ ಅಜ್ಜಿಯಂತೂ ಬೆಣ್ಣೆ ತರುವ ಗೌಳಿಗಿತ್ತಿಯ ಹತ್ತಿರ ಅವಳ ಮಾತಿನಲ್ಲೇ ಚೌಕಾಶಿ ಮಾಡಿ, ಅವಳ ಮಾತಿನಲ್ಲೇ ಬೈಸಿಕೊಂಡು, ಕೊನೆಗೆ ಚಹಾ ಕುಡಿಸಿ ಕಳಿಸುತ್ತಿದ್ದಳು. "ಬಂದಾವ್ರ ಮಾತಿನಾಗ ಮಾತಾಡಿದರ ಅವರಿಗೆ ಕುಂದರಾಕ ಮಣಿ ಹಾಕಿದಂಗ ನೋಡಪಾ" ಎನ್ನುವುದು ಅವಳು ನನಗೆ ಕಲಿಸಿದ ಮರ್ಯಾದೆ. ಈ ಮರ್ಯಾದೆಯೇ ನನ್ನ ಮಗಳ ಮದುವೆಯನ್ನು ಮುರಿಯುವುದರಲ್ಲಿತ್ತು.

ಮಗಳು ಸುಜಾತಾ ಹತ್ತಿರದ ಮಚ್ಛೆ ಊರಿನ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಅಲ್ಲಿಯ ಸೂಪರ್‌ವೈಸರ್ ಮಂಜುನಾಥ ತುಮಕೂರಿನ ಹುಡುಗ. ಮಕ್ಕಳು ಒಬ್ಬರನ್ನೊಬ್ಬರು ಮೆಚ್ಚಿಕೊಂಡರು. ನಮ್ಮ ಕಡೆಯಿಂದ ತಕರಾರಿರಲಿಲ್ಲ. ಆದರೆ ಹುಡುಗನ ತಂದೆ ಗಂಗಾಧರಯ್ಯನವರು ನಿವೃತ್ತ ಹೆಡ್‌ಮಾಸ್ತರರು. "ಊರು ನೋಡ್ಬೇಕು, ಮನೆತನ ನೋಡ್ಬೇಕು, ಆಮೇಲೆ ಮಾತು" ಎಂದು ಫೋನಿನಲ್ಲಿ ಹೇಳಿ, ಒಬ್ಬರೇ ರೈಲು ಹತ್ತಿ ಬಂದರು. ಅವರು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಮಂಜುನಾಥ ಅಪ್ಪನ ಮಾತು ಮೀರುವವನಲ್ಲ ಎಂದು ಮಗಳೇ ಹೇಳಿದ್ದಳು. ನಾನು ಸ್ಟೇಶನ್ನಿಗೆ ಹೊರಟಾಗ ಬಾಗಿಲಿಗೆ ಬಂದು, "ಅಪ್ಪಾ, ಇವತ್ತೊಂದಿನ ಬಾಯಿ ಸಂಭಾಳಿಸ್ರಿ" ಎಂದಳು. ನಗುತ್ತಾ ಹೇಳಿದ್ದರೆ ನಾನೂ ನಗುತ್ತಿದ್ದೆ. ಅವಳು ನಗಲಿಲ್ಲ.

ಸ್ಟೇಶನ್ನಿನಿಂದ ನಮ್ಮ ಮನೆಗೆ ನಡೆದೇ ಬರಬಹುದು. ಅವತ್ತು ಮಾತ್ರ ಆ ದಾರಿ ಬೆಂಗಳೂರಿಗೆ ಹೋಗುವಷ್ಟು ಉದ್ದವಾಯಿತು. ಮೊದಲು ಹೂವಿನಂಗಡಿಯವನು, "ಕಾಯ್ ಪಾಟೀಲ, ಪಾವ್ಣೆ ಕುಠಲೆ?" ಎಂದು ನೆಂಟರ ಊರು ಕೇಳಿದ. ನಾನು ಮರಾಠಿಯಲ್ಲೇ ಉತ್ತರ ಕೊಟ್ಟೆ. ಮುಂದೆ ಚಹಾದಂಗಡಿಯಿಂದ, "ಆವ್ ಪಾಟೀಲ್ ಸಾಬ್, ಚಾ ಪೀಕೆ ಜಾವ್" ಎಂದು ಕರೆ ಬಂತು. ಆಮೇಲೆ ಬರುತ್ತೇನೆಂದು ಉರ್ದುವಿನಲ್ಲಿ ಹೇಳಿದೆ. ಗಂಗಾಧರಯ್ಯನವರು ನಡೆಯುವುದನ್ನು ನಿಲ್ಲಿಸಿದರು.

"ಪಾಟೀಲ್ರೇ, ನೀವು ನಮ್ ಹಾಗೇ ಲಿಂಗಾಯತರು ಅಂದಿದ್ದ ನನ್ ಮಗ."

"ಹೌದ್ರಿ, ಖರೇನ ಅದು."

"ಆ ಹೂವಿನವರು?"

"ಅವರೂ ಪಾಟೀಲರ. ಮರಾಠಾ ಪಾಟೀಲರು."

"ಟೀ ಅಂಗಡಿಯವರು?"

"ಅವರೂ ಪಾಟೀಲರರಿ. ಮುಸಲ್ಮಾನ ಪಾಟೀಲರು." ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಹಿಂದಿನ ಓಣ್ಯಾಗ ಜೈನ ಪಾಟೀಲರೂ ಅದಾರ್ರಿ" ಎಂದು ಸೇರಿಸಿದೆ.

"ಹಾಗಾದ್ರೆ ಪಾಟೀಲರು ಅಂದ್ರೆ ಯಾವ ಜನ ಅಂತ ತಿಳ್ಕೋಬೇಕು?" ಎಂದರು. ಗೌಡಿಕೆ ಮಾಡಿದವರೆಲ್ಲ ಪಾಟೀಲರೇ ಎಂದು ವಿವರಿಸಬಹುದಿತ್ತು. ಅವರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ನಮ್ಮ ಮನೆಯ ಮುಂದಿನ ಕಂಬದ ಬುಡದಲ್ಲಿ ಲೈನ್‌ಮನ್ ಗಣಪತಿ ಹಗ್ಗ ಸುತ್ತುತ್ತಿದ್ದ. ಗಣಪತಿ ಸಿದ್ದಿ ಜನಾಂಗದವನು. ಅವನ ಹಿರಿಯರು ಆಫ್ರಿಕಾದಿಂದ ಬಂದು ಎಷ್ಟು ತಲೆಮಾರುಗಳಾದವೋ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಗಂಗಾಧರಯ್ಯನವರು ಅವನ ಗುಂಗುರು ಕೂದಲು ನೋಡಿ, ದನಿ ತಗ್ಗಿಸಿ, ಆದರೆ ಹೆಡ್‌ಮಾಸ್ತರರ ದನಿ ಎಷ್ಟು ತಗ್ಗೀತು, "ಇವರು ಯಾವ ದೇಶದವರು?" ಎಂದು ನನ್ನನ್ನು ಕೇಳಿದರು.

"ಗುಂಜಿ ರೀ" ಎಂದು ಗಣಪತಿಯೇ ಹೇಳಿದ. "ಇಲ್ಲೇ ಕಾಡಿನ ಬಾಜೂಕ. ನೀವು ಭಾಳ ದೂರದಿಂದ ಬಂದಂಗ ಕಾಣತೈತಿ. ನಿಮ್ಮದು ಯಾವ ದೇಶ ರೀ?"

ಅವರ ಕಿವಿ ಕೆಂಪಾಯಿತು. ಗಣಪತಿ ಅಷ್ಟಕ್ಕೇ ಬಿಡದೆ ನನ್ನ ಕಡೆ ತಿರುಗಿ, "ಲೈನ್ ಸರಿ ಮಾಡೇನ್ರಿ. ಬೀಗರಿಗೆ ಫ್ಯಾನ್ ಹಚ್ಚರಿ" ಎಂದ. ಬೀಗರು! ಮಾತುಕತೆಯೇ ಆಗಿಲ್ಲ, ಓಣಿ ಆಗಲೇ ಅಕ್ಷತೆ ಹಾಕಿತ್ತು.

ದಾರಿಯಲ್ಲಿ ಕೆಟ್ಟದ್ದನ್ನು ಮನೆಯಲ್ಲಾದರೂ ಸರಿಪಡಿಸೋಣ ಎಂದುಕೊಂಡೆ. ಅತಿಥಿಗೆ ಚೂರೂ ಪರಸ್ಥಳ ಎನ್ನಿಸಬಾರದು. ಅಜ್ಜಿಯ ಪಾಠ ಎದ್ದು ಕೂತಿತು. "ಬನ್ನಿ ಸಾರ್, ಕೂತ್ಕೊಳ್ಳಿ. ಬಿಸಿಲಲ್ಲಿ ಸುಸ್ತಾಗ್ಬಿಟ್ರಿ. ಮೊದ್ಲು ತಿಂಡಿ ತಿನ್ನಿ, ಆಮೇಲ್ ಮಾತಾಡೋಣ ಕಣ್ರೀ" ಎಂದೆ. ತುಮಕೂರಿನವರಿಗೆ ತುಮಕೂರಿನ ಮಣೆ. ಅವರು ಬಾಯಿಯ ಹತ್ತಿರ ತಂದಿದ್ದ ಉಪ್ಪಿಟ್ಟನ್ನು ತಟ್ಟೆಗಿಳಿಸಿದರು.

"ಪಾಟೀಲ್ರೇ, ನಮ್ ಮಾತನ್ನ ಅಣಕಿಸ್ತಾ ಇದೀರಾ?"

"ಅಯ್ಯಯ್ಯೋ, ಇಲ್ಲ ಕಣ್ರೀ" ಎಂದೆ.

ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅದು ಹೊರಬಿದ್ದಿತ್ತು. ಅವರು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟರು. "ನನ್ ಮಗ ಈ ಮನೆಗೆ ಅಳಿಯ ಆಗಿ ಬಂದ್ರೆ ಅವನನ್ನೂ ಹಿಂಗೇ ಆಡ್ಕೊಂಡು ನಗ್ತೀರಿ" ಎಂದು ಎದ್ದು ನಿಂತು, ಬಾಗಿಲ ಕಡೆ ನೋಡಿ ಚಪ್ಪಲಿ ಹುಡುಕತೊಡಗಿದರು. ಒಳಗಿನ ಕೋಣೆಯಲ್ಲಿ ಬಳೆಯ ಸದ್ದು ಸಹ ನಿಂತುಹೋಯಿತು. ನನಗೋ, ಬಾಯಿ ತೆರೆದರೆ ಮತ್ತೆ ತುಮಕೂರೇ ಬರುತ್ತದೆಂಬ ಹೆದರಿಕೆ. ಸುಮ್ಮನಿದ್ದರೆ ತಪ್ಪು ಒಪ್ಪಿಕೊಂಡಂತೆ.

ನನ್ನ ಹೆಂಡತಿ ಶಾರದಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ಅಣ್ಣಾರ, ಕುಂದರ್ರಿ. ಇವರು ಅಣಗಸಾಕತ್ತಿಲ್ಲರಿ. ಇವರಿಗೆ ಇದೊಂದು ಚಟಾ. ಮೊನ್ನೆ ಹಿಂದವಾಡ್ಯಾಗ ನನ್ನ ತಂಗಿ ಮನ್ಯಾಗ ಆಕಿ ಎರಡ ವರ್ಷದ ಮೊಮ್ಮಗನ ಜೋಡಿ ದಿನಾ ಪೂರ್ತಿ ಆಡಿದ್ರು. ವಾಪಸ್ ಬರೂ ಮುಂದ ಬಸ್ಸಿನಾಗ ಕಂಡಕ್ಟರಗ ಏನಂದ್ರು ಕೇಳ್ರಿ. 'ಕಾನಾಪುಲ ಎಲದು ತಿಕೀತು ಕೊದಪಾ' ಅಂದ್ರು. ಅಂವಾ ನನ್ನ ಮಾರಿ ನೋಡಿದ. ಪಾಪ, ಆರಾಮಿಲ್ಲೇನೋ ಅಂತ ಇವರಿಗೆ ಸೀಟ್ ಬಿಡಿಸಿ ಕೊಟ್ಟ."

ಗಂಗಾಧರಯ್ಯನವರ ಮೀಸೆಯ ಒಂದು ತುದಿ ಅಲುಗಿತು. ಆದರೆ ಅವರು ಕೂರಲಿಲ್ಲ. ನನ್ನ ಕಡೆ ತಿರುಗಿ, "ಸರಿ. ಹಾಗಾದ್ರೆ ನಿಮ್ಮದೇ ಮಾತಲ್ಲಿ ಹೇಳಿ. ಮಗಳನ್ನ ನಮ್ ಹುಡುಗನಿಗೆ ಯಾಕೆ ಕೊಡ್ತೀರಾ?" ಎಂದರು.

ಅವರ ಮುಖ ನೋಡುತ್ತಾ ನನ್ನ ಮಾತು ಆಡುವುದು ನನ್ನಿಂದಾಗದ ಕೆಲಸ. ದಿಕ್ಕು ತಪ್ಪಿದವನಂತೆ ಅತ್ತಿತ್ತ ನೋಡಿದೆ. ಕೋಣೆಯ ಬಾಗಿಲಲ್ಲಿ ಸುಜಾತಾ ನಿಂತಿದ್ದಳು. ಅವಳನ್ನು ನೋಡಿದೆ, ಮಾತು ಬಂತು.

"ಇಕಿ ಯಾರಿಗೂ ಹೆದರಿದಾಕಿ ಅಲ್ಲರಿ. ನನಗಂತೂ ಒಂದಿನಾನೂ ಹೆದರಿಲ್ಲ. ಆದರ ನೀವು ಬರತೀರಿ ಅಂತ ನಿನ್ನೆಯಿಂದ ಉಂಡಿಲ್ಲ. ನಿಮಗ ಎಲ್ಲಿ ಬ್ಯಾಡ ಅನಸತೈತೋ ಅಂತ ಹೆದರಿಕಿ. ನಿಮ್ಮ ಹುಡುಗ ಅಷ್ಟು ಬೇಕಾಗ್ಯಾನ್ರಿ ಇಕಿಗೆ. ನನಗ ಗೊತ್ತಿದ್ದದ್ದು ಇಷ್ಟ."

ಗಂಗಾಧರಯ್ಯನವರು ಸುಜಾತಾಳನ್ನು ನೋಡಿದರು, ಆರಿದ ಉಪ್ಪಿಟ್ಟನ್ನು ನೋಡಿದರು, ನಿಧಾನವಾಗಿ ಕೂತರು.

"ಮೊದ್ಲು ಆ ಮಗೂಗೆ ಊಟಕ್ಕೆ ಹಾಕಮ್ಮ" ಎಂದು ಶಾರದಾಗೆ ಹೇಳಿದರು. "ನನ್ ಸೊಸೆ ಉಪವಾಸ ಇರೋದು ನನಗೆ ಇಷ್ಟ ಇಲ್ಲ."

ಮದುವೆಯ ದಿನ ಗೊತ್ತಾಗಿದೆ. ಬೀಗರಿಂದ ಆಗಾಗ ಫೋನು ಬರುತ್ತದೆ. ಊರು ಅವರಿಗೆ ಬಹಳ ಹಿಡಿಸಿತಂತೆ, ಮಗನ ಹತ್ತಿರ ನಮ್ಮ ಮಾತು ಕಲಿಯುತ್ತಿದ್ದಾರಂತೆ. "ಏನ್ರಿ ಪಾಟೀಲರ, ಆರಾಮ ಅದೀರಿ? ಊಟಾ ಆತೇನ್ರಿ?" ಎಂದು ಪ್ರತಿಯೊಂದು ಪದವನ್ನೂ ರಾಗ ಎಳೆದು ಕೇಳುತ್ತಾರೆ. ಪ್ರೀತಿಯಿಂದ ಕೇಳತಾರ್ರಿ ಎನ್ನುತ್ತಾಳೆ ಶಾರದಾ. ಇರಬಹುದು. ಆದರೆ ನನಗೆ ಮಾತ್ರ ಪ್ರತಿ ಸಲವೂ ಕಿವಿ ಬಿಸಿಯಾಗುತ್ತದೆ. ನಾವು ಹೀಗೆ ಎಲ್ಲಿ ಮಾತಾಡುತ್ತೇವೆ? ಈ ಮನುಷ್ಯ ನನ್ನನ್ನು ಅಣಕಿಸುತ್ತಿದ್ದಾರೆಯೇ? ಇವತ್ತು ಕೇಳಿಯೇಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿ ಬಾಯಿ ತೆರೆಯುತ್ತೇನೆ.

"ಆಯ್ತು ಕಣ್ರೀ, ನಿಮ್ದು?" ಎಂದು ಬರುತ್ತದೆ.